ಮೀನುಮರಿಗೆ ಯಾವ ಎಣ್ಣೆ?

ಬಾಗಲಕೋಟೆ ಜಿಲ್ಲೆಯ ಗುಡೂರಿನಲ್ಲಿ ನನ್ನ ಅಣ್ಣನ ಮಗ ತನ್ನ ಕೃಷಿಹೊಂಡಕ್ಕೆ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟಿದ್ದ. ಎರಡೇ ತಿಂಗಳಲ್ಲಿ ಅರ್ಧದಷ್ಟು ಸತ್ತವು, ಉಳಿದವು ಬೆಳೆಯಲಿಲ್ಲ. 'ಕಾಕಾ, ನೀರು ಛಲೋ ಐತಿ, ಮರೀನೂ ಛಲೋ ಇದ್ವು, ಮತ್ಯಾಕ ಹಿಂಗಾತು?' ಎಂದು ಕೇಳಿದ. ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ನನಗೆ ಸಹಾಯಧನದ ನಿಯಮಗಳು ಗೊತ್ತಿದ್ದವೇ ಹೊರತು ಮೀನಿನ ಹೊಟ್ಟೆಯ ಸಂಗತಿಯಲ್ಲ. ಮೂಲೆಯಲ್ಲಿದ್ದ ಚೀಲ ಬಿಚ್ಚಿ ನೋಡಿದರೆ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡಿನ ಮಿಶ್ರಣ ಕಮಟು ವಾಸನೆ ಬೀರುತ್ತಿತ್ತು. ಸಾವಿಗೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಆ ವಾಸನೆಯೇ ನನ್ನನ್ನು ಈ ವಿಷಯದ ಅಧ್ಯಯನಕ್ಕೆ ಹಚ್ಚಿತು.

ಮೀನುಮರಿಗೆ ಕೊಬ್ಬು ಕೇವಲ ಶಕ್ತಿಯ ಮೂಲವಲ್ಲ. ಅದರ ಜೀವಕೋಶಗಳ ಪೊರೆ, ಮೆದುಳು, ಕಣ್ಣುಗಳ ಬೆಳವಣಿಗೆಗೆ ಕೆಲವು ಕೊಬ್ಬಿನಾಮ್ಲಗಳು ಆಹಾರದಿಂದಲೇ ದೊರೆಯಬೇಕು. ಸಾಮಾನ್ಯ ಗೆಂಡೆಯ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಆಹಾರದ ತೂಕದಲ್ಲಿ ಒಮೆಗಾ-6 ವರ್ಗದ ಲಿನೋಲಿಕ್ ಮತ್ತು ಒಮೆಗಾ-3 ವರ್ಗದ ಲಿನೋಲೆನಿಕ್ ಆಮ್ಲಗಳು ತಲಾ ಶೇ 1ರಷ್ಟು ಇರಬೇಕು. ಶೇಂಗಾ, ಸೂರ್ಯಕಾಂತಿ, ಕುಸುಬೆ ಎಣ್ಣೆಗಳಲ್ಲಿ ಮೊದಲನೆಯದು ಸಾಕಷ್ಟಿದೆ. ಎರಡನೆಯದು ಇಲ್ಲವೆನ್ನುವಷ್ಟು ಕಡಿಮೆ. ಹಸಿರುಗಟ್ಟಿದ ಮಣ್ಣಿನ ಕೆರೆಯಲ್ಲಿ ಈ ಕೊರತೆಯನ್ನು ನೀರಿನ ಸೂಕ್ಷ್ಮಜೀವಿಗಳು ತುಂಬಿಕೊಡುತ್ತವೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಡಿ ಪ್ಲಾಸ್ಟಿಕ್ ಹಾಳೆ ಹೊದಿಸಿದಂತಹ ಹೊಂಡಗಳಲ್ಲಿ ಅಂತಹ ಸಹಜ ಆಹಾರ ವಿರಳ. ಅಲ್ಲಿ ಮರಿಗಳನ್ನು ಒತ್ತಾಗಿ ಬಿಟ್ಟರೆ ಚೀಲದಲ್ಲಿದ್ದುದೇ ಅವುಗಳ ಪಾಲಿಗೆ ಸರ್ವಸ್ವ.

ಹಾಗಾದರೆ ಮೀನೆಣ್ಣೆಯೇ ಪರಿಹಾರವೇ? ಸಮುದ್ರದ ಮೀನುಗಳಿಗೆ ಬಹುಮಟ್ಟಿಗೆ ಹೌದು. ಕರಾವಳಿಯ ಪಂಜರಗಳಲ್ಲಿ ಸಾಕುವ ಸೀಬಾಸ್‌ನಂತಹ ಮೀನು ತನಗೆ ಬೇಕಾದ ಉದ್ದ ಸರಪಳಿಯ ಒಮೆಗಾ-3 ಆಮ್ಲಗಳನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಆದರೆ ಮೀನೆಣ್ಣೆಯ ಪೂರೈಕೆ ಸಮುದ್ರದ ಮರ್ಜಿಯಲ್ಲಿದೆ. 2023ರಲ್ಲಿ ಪೆರು ದೇಶ ಆಂಚೊವಿ ಮೀನುಗಾರಿಕೆಯ ಮೊದಲ ಋತುವನ್ನೇ ರದ್ದುಗೊಳಿಸಿದಾಗ ಜಗತ್ತಿನಾದ್ಯಂತ ಅದರ ಬೆಲೆ ಗಗನಕ್ಕೇರಿತು. ಸಿಹಿನೀರಿನ ಗೆಂಡೆ ಜಾತಿಯ ಮೀನುಗಳಿಗೆ ಸಸ್ಯಮೂಲದ ಲಿನೋಲೆನಿಕ್ ಆಮ್ಲದಿಂದ ಆ ಉದ್ದ ಸರಪಳಿಗಳನ್ನು ಕಟ್ಟಿಕೊಳ್ಳುವ ಶಕ್ತಿಯಿದೆ.

ಆ ಆಮ್ಲವನ್ನು ನಾವು ದೂರದಿಂದ ತರಬೇಕಿಲ್ಲ. ಉತ್ತರ ಕರ್ನಾಟಕದ ಮನೆಮನೆಯ ಚಟ್ನಿಪುಡಿಯಲ್ಲಿರುವ ಅಗಸಿಯ ಎಣ್ಣೆಯಲ್ಲಿ ಸುಮಾರು ಅರ್ಧ ಪಾಲು ಅದೇ ಇದೆ. ನೂರು ಕಿಲೋ ಆಹಾರಕ್ಕೆ ಎರಡು ಕಿಲೋ ಅಗಸಿ ಎಣ್ಣೆ ಬೆರೆಸಿದರೆ ಶೇ 1ರ ಲೆಕ್ಕ ಸರಿಹೋಗುತ್ತದೆ. ತಲಾ ಐದು ಗ್ರಾಂ ತೂಗುವ ಸಾವಿರ ಮರಿಗಳಿಗೆ ದಿನಕ್ಕೆ ತೂಕದ ಶೇ 5ರಂತೆ ಆಹಾರ ಹಾಕಿದರೆ 250 ಗ್ರಾಂ, ತಿಂಗಳಿಗೆ ಏಳೂವರೆ ಕಿಲೋ. ಅದರಲ್ಲಿ ಎಣ್ಣೆ 150 ಗ್ರಾಂ ಮಾತ್ರ. ಮರಿ ಬೆಳೆದಂತೆ ಇದು ಹೆಚ್ಚುವುದಾದರೂ, ಸತ್ತ ಮರಿಗಳ ನಷ್ಟದೆದುರು ಈ ಖರ್ಚು ಯಾವ ಲೆಕ್ಕ? ಬೇಕಾದ ಖಾದ್ಯತೈಲದ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶದಲ್ಲಿ ಮೀನಿಗೆ ಎಣ್ಣೆಯೇ ಎಂಬ ಆಕ್ಷೇಪಕ್ಕೂ ಇದೇ ಉತ್ತರ.

ಆದರೆ ಎಚ್ಚರಿಕೆ ಅಗತ್ಯ. ಅಗಸಿ ಎಣ್ಣೆ ಬಹುಬೇಗ ಕಮಟುತ್ತದೆ. ಹಸಿ ಅಕ್ಕಿ ತೌಡೂ ಕೆಲವೇ ದಿನಗಳಲ್ಲಿ ಕೆಡುತ್ತದೆ. ಕಮಟಿದ ಕೊಬ್ಬು 'ಇ' ಜೀವಸತ್ವವನ್ನು ನಾಶಮಾಡುತ್ತದೆ. ಹಾಗೆ ಕೆಟ್ಟ ರೇಷ್ಮೆಹುಳುವಿನ ಕೋಶವನ್ನು ತಿಂದ ಗೆಂಡೆಗಳ ಬೆನ್ನಿನ ಸ್ನಾಯುಗಳು ಕ್ಷೀಣಿಸಿದ್ದನ್ನು ಜಪಾನಿನಲ್ಲಿ ಗುರುತಿಸಲಾಗಿದೆ. ಅಗಸಿ ಹಿಂಡಿಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶಗಳೂ ಇರುವುದರಿಂದ ಎಣ್ಣೆಯ ಬದಲು ಹಿಂಡಿಯನ್ನೇ ಸುರಿಯುವುದು ತರವಲ್ಲ. ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದೆಂಬುದೂ ತಪ್ಪು. ಮಿತಿಮೀರಿದ ಕೊಬ್ಬು ಮೀನಿನ ಯಕೃತ್ತಿನಲ್ಲಿ ಶೇಖರವಾಗುತ್ತದೆ.

2020ರಲ್ಲಿ ಕೇಂದ್ರ ಸರ್ಕಾರ 20,050 ಕೋಟಿ ರೂಪಾಯಿಗಳ ಮತ್ಸ್ಯ ಸಂಪದ ಯೋಜನೆಯನ್ನು ಪ್ರಕಟಿಸಿತು. ಹೊಂಡ ತೋಡಿದ್ದನ್ನೂ ಮರಿ ಬಿಟ್ಟಿದ್ದನ್ನೂ ಎಣಿಸಿ ವರದಿ ಕಳಿಸುವುದು ಸುಲಭ; ನಾನೂ ಅಂತಹ ವರದಿಗಳಿಗೆ ಸಹಿ ಹಾಕಿದವನೇ. ಬದುಕಿ ಬೆಳೆದ ಮರಿಗಳನ್ನು ಎಣಿಸುವ ಅಂಕಣ ಅವುಗಳಲ್ಲಿರಲಿಲ್ಲ. ಪಕ್ಕದ ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕಾ ಸಂಶೋಧನಾ ಕೇಂದ್ರವಿದೆ. ಅಗಸಿ ಎಣ್ಣೆಯನ್ನು ಈ ಸೀಮೆಯ ಹೊಂಡಗಳಲ್ಲೇ ಪರೀಕ್ಷಿಸಿ ರೈತರಿಗೆ ಅಳತೆ ಹೇಳಿಕೊಡುವ ಹೊಣೆಯನ್ನು ಅದಕ್ಕೆ ವಹಿಸಬಹುದು. ಆಹಾರದ ಚೀಲಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಕೊಬ್ಬಿನ ಶೇಕಡಾವಾರು ಮಾತ್ರ. ಅದು ಯಾವ ಎಣ್ಣೆಯದು, ಎಂದು ಬೆರೆಸಿದ್ದು ಎಂಬುದನ್ನೂ ಕಡ್ಡಾಯವಾಗಿ ನಮೂದಿಸುವಂತಾಗಬೇಕು.

ಅಡುಗೆಗೆ ಎಣ್ಣೆ ಕೊಳ್ಳುವಾಗ ನಾವು ಯಾವ ಎಣ್ಣೆ, ಯಾವ ತಿಂಗಳಿನದು ಎಂದು ನೋಡಿಯೇ ಕೊಳ್ಳುತ್ತೇವೆ. ಸಾಲ ಮಾಡಿ ಮರಿ ಬಿಡುವ ಗುಡೂರಿನ ರೈತನಿಗೂ ಅಷ್ಟನ್ನು ತಿಳಿಯುವ ಹಕ್ಕಿದೆ.