ಸಿಗ್ನಲ್ ಹೋಯ್ತು ಅಂದ್ರೆ ಆಕಾಶವೇನೂ ಕಳಚಿ ಬಿದ್ದಿಲ್ಲ

ಇಂಜಿನಿಯರಿಂಗ್ ಸೇರಿದ ಮೇಲೆ ನಮ್ಮೆಲ್ಲರಿಗೂ ಮನೆಯಲ್ಲಿ ಒಂದು ಹೊಸ ಹುದ್ದೆ ಸಿಕ್ಕಿದೆ. ಮಿಕ್ಸಿ ನಿಂತ್ರೂ ನಾವೇ, ಫೋನ್ ಹ್ಯಾಂಗ್ ಆದ್ರೂ ನಾವೇ, ಟಿವಿ ಮೇಲೆ 'ನೋ ಸಿಗ್ನಲ್' ಅಂತ ಬಂದ್ರಂತೂ ಖಂಡಿತ ನಾವೇ. "ಇಷ್ಟೆಲ್ಲಾ ಓದ್ತೀಯ, ಇದೊಂದು ಸರಿ ಮಾಡೋಕೆ ಬರಲ್ವೇನಪ್ಪ?" ಅಂತ ಅಜ್ಜಿ ಕೇಳಿದ್ರೆ ನಗ್ತೀವಿ. ಆದ್ರೆ ಅದು ತಮಾಷೆಯ ಪ್ರಶ್ನೆ ಅಲ್ಲ. ನಮ್ಮ ಪ್ರಕಾರ ಅದು ನಮ್ಮ ಸಿಲೆಬಸ್‌ಗೇ ಹಾಕಿದ ಪ್ರಶ್ನೆ.

ಈ ಲೇಖನದಲ್ಲಿ ನಾವು ಹೇಳಬೇಕಾಗಿರೋದು ಒಂದೇ ಮಾತು. ಉಚಿತ ಡಿಶ್ ಇರುವ ಮನೆಯಲ್ಲಿ ಸಿಗ್ನಲ್ ಹೋದಾಗ ತಪ್ಪು ಎಲ್ಲಿದೆ ಅಂತ ಮನೆಯವರೇ ಕಂಡುಹಿಡಿಯೋ ಹಾಗಾಗಬೇಕು, ಮತ್ತು ಆ ತಿಳಿವಳಿಕೆಯನ್ನು ಕನ್ನಡದಲ್ಲಿ ಮನೆಗೆ ಮುಟ್ಟಿಸೋ ಕೆಲಸ ನಮ್ಮದು. ತಿಂಗಳ ಬಾಡಿಗೆ ಕಟ್ಟೋಕಾಗಲ್ಲ ಅಂತಲೇ ಎಷ್ಟೋ ಮನೆಗಳಲ್ಲಿ ಈ ಡಿಶ್ ಹಾಕಿಸಿರ್ತಾರೆ. ಸಡಿಲಾದ ಒಂದು ಪಿನ್ ತಿರುಗಿಸೋದಕ್ಕೂ ಪ್ರತಿ ಸಲ ದುಡ್ಡು ಕೊಟ್ಟು ಜನ ಕರೆಸಬೇಕು ಅಂದ್ರೆ ಅದು ಉಚಿತ ಹೇಗಾಯ್ತು?

"ಈಗ ಯಾರು ಟಿವಿ ನೋಡ್ತಾರೆ, ಎಲ್ಲಾ ಮೊಬೈಲಲ್ಲೇ ಬರುತ್ತಲ್ಲ" ಅನ್ನೋ ಗೆಳೆಯರಿದ್ದಾರೆ. ಹಾಸ್ಟೆಲ್ ವೈಫೈ ಒಳಗೆ ಕೂತು ನೋಡಿದ್ರೆ ಹಾಗನ್ನಿಸೋದು ಸಹಜ. ಮಲೆನಾಡಿನ ಒಂಟಿ ತೋಟದ ಮನೆಗೆ ಕೇಬಲ್ಲೂ ಎಳೆದಿರಲ್ಲ, ನೆಟ್‌ವರ್ಕೂ ನೆಟ್ಟಗಿರಲ್ಲ. ಕಟ್ಟಡ ಕೆಲಸದವರ ಶೆಡ್ಡಿನ ಮೇಲೂ ಡಿಶ್ ಕಾಣುತ್ತೆ. ಸ್ಮಾರ್ಟ್‌ಫೋನ್ ಬೇಡ ಅಂತ ಕೂತಿರೋ ಅಜ್ಜನಿಗೆ ಚಂದನದ ವಾರ್ತೆ, 'ಥಟ್ ಅಂತ ಹೇಳಿ' ಎರಡೂ ಬೇಕು. ಇವರಿಗೆಲ್ಲ ಪರದೆ ಕಪ್ಪಾಯ್ತು ಅಂದ್ರೆ ಹೊರಗಿನ ಸುದ್ದಿಯೇ ನಿಂತ ಹಾಗೆ.

ಮೊದಲು ಈ ವ್ಯವಸ್ಥೆ ಏನು ಅಂತ ಚುಟುಕಾಗಿ ನೋಡೋಣ. ದೂರದರ್ಶನದ ಈ ಉಚಿತ ಸೇವೆ 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನೋ ಹೆಸರಲ್ಲಿ ಶುರುವಾಯ್ತು. ಈಗ ಅದರ ಹೆಸರು ಡಿಡಿ ಫ್ರೀ ಡಿಶ್. ಸಿಗ್ನಲ್ ಬರೋದು ಜಿಸ್ಯಾಟ್-15 ಉಪಗ್ರಹದಿಂದ. ಅದು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಕೂತಿದೆ. ಅಷ್ಟು ದೂರದಿಂದ ಬಂದ ಸಣ್ಣ ಅಲೆಯನ್ನು ಡಿಶ್ ಒಂದು ಕಡೆ ಸೇರಿಸುತ್ತೆ. ಡಿಶ್ ಮುಂದಿನ ಎಲ್‌ಎನ್‌ಬಿ ಅದನ್ನು ಹಿಗ್ಗಿಸಿ, ತರಂಗಾಂತರ ಇಳಿಸಿ, ಕೇಬಲ್ ಮೂಲಕ ಬಾಕ್ಸಿಗೆ ಕಳಿಸುತ್ತೆ. ಬಾಕ್ಸ್ ಅದನ್ನು ಚಿತ್ರ ಮಾಡಿ ಟಿವಿಗೆ ಕೊಡುತ್ತೆ. ಅಂದ್ರೆ ಇದೊಂದು ಸರಪಳಿ. ಕೊಂಡಿ ಎಲ್ಲೋ ಒಂದು ಕಡೆ ಬಿಟ್ಟಿರುತ್ತೆ. ಯಾವ ಕೊಂಡಿ ಅಂತ ಒಳಗಿಂದ ಹೊರಗೆ ಒಂದೊಂದೇ ನೋಡ್ತಾ ಹೋಗ್ಬೇಕು. ನಮ್ಮಲ್ಲಿ ಬಹುಪಾಲು ಜನ ಮಾಡೋದು ಉಲ್ಟಾ: ಸಿಗ್ನಲ್ ಇಲ್ಲ ಅಂದ ಕೂಡಲೇ ತಾರಸಿ ಹತ್ತಿ ಡಿಶ್ ಅಲ್ಲಾಡಿಸ್ತಾರೆ. ಅಲ್ಲಿಗೆ ಒಂದು ತೊಂದರೆ ಇದ್ದಿದ್ದು ಎರಡಾಯ್ತು.

ಮೊದಲನೇ ಪರೀಕ್ಷೆಗೆ ಕುರ್ಚಿಯಿಂದ ಏಳೋದೂ ಬೇಡ. ಬಾಕ್ಸಿನ ರಿಮೋಟಲ್ಲಿ ಮೆನು ಒತ್ತಿ. ಮೆನು ಪರದೆ ಮೇಲೆ ಬಂತಾ? ಹಾಗಾದ್ರೆ ಬಾಕ್ಸ್‌ನಿಂದ ಟಿವಿಗೆ ಹೋಗೋ ದಾರಿ ಸರಿ ಇದೆ, ತೊಂದರೆ ಡಿಶ್ ಕಡೆಯದು. ಮೆನುವೇ ಬರಲಿಲ್ವಾ? ಆಗ ಡಿಶ್ ಮುಟ್ಟೋದೇ ಬೇಡ. ಯಾರೋ ಟಿವಿ ರಿಮೋಟಲ್ಲಿ ಇನ್‌ಪುಟ್ ಬದಲಾಯಿಸಿರ್ತಾರೆ, ಇಲ್ಲಾಂದ್ರೆ ಹಿಂದಿನ ವೈರ್ ಕಿತ್ತಿರುತ್ತೆ, ಇಲ್ಲಾಂದ್ರೆ ಬಾಕ್ಸಿನ ಅಡಾಪ್ಟರ್ ಹೋಗಿರುತ್ತೆ. 'ನೋ ಸಿಗ್ನಲ್' ಅಂತ ಟಿವಿಯೂ ಹೇಳುತ್ತೆ, ಬಾಕ್ಸೂ ಹೇಳುತ್ತೆ. ಎರಡರ ಅರ್ಥ ಬೇರೆ ಬೇರೆ.

ಎರಡನೆಯದು, ಮೆನು ಒಳಗೆ ಸಿಗ್ನಲ್ ತೋರಿಸೋ ಜಾಗಕ್ಕೆ ಹೋಗಿ. ಅಲ್ಲಿ ಎರಡು ಪಟ್ಟಿ ಇರುತ್ತೆ: ಸ್ಟ್ರೆಂತ್, ಕ್ವಾಲಿಟಿ. ಇದನ್ನ ಮನೆಯವರಿಗೆ ಹೇಗೆ ಹೇಳೋದು? ಸಂತೆ ಮಧ್ಯೆ ನಿಂತಿದ್ದೀವಿ ಅಂದುಕೊಳ್ಳಿ. ಕಿವಿಗೆ ಬೀಳ್ತಿರೋ ಒಟ್ಟು ಗದ್ದಲ ಸ್ಟ್ರೆಂತ್. ಅದರಲ್ಲಿ ನಮ್ಮನ್ನ ಕರೀತಿರೋರ ಮಾತು ಎಷ್ಟು ತಿಳೀತು ಅನ್ನೋದು ಕ್ವಾಲಿಟಿ. ಎಲ್‌ಎನ್‌ಬಿಗೆ ಕರೆಂಟ್ ಹೋಗ್ತಿದ್ರೆ ಸಾಕು, ಡಿಶ್ ಎತ್ತ ತಿರುಗಿದ್ರೂ ಸ್ವಲ್ಪ ಸ್ಟ್ರೆಂತ್ ತೋರಿಸುತ್ತೆ. ಉಪಗ್ರಹ ನಿಜವಾಗ್ಲೂ ಸಿಕ್ಕಿದಾಗ ಮಾತ್ರ ಕ್ವಾಲಿಟಿ ಏರುತ್ತೆ. ಹಾಗಾಗಿ ಎರಡೂ ಸೊನ್ನೆ ಆದ್ರೆ ಕೇಬಲ್, ಪಿನ್ ಅಥವಾ ಎಲ್‌ಎನ್‌ಬಿ ಮೇಲೆ ಅನುಮಾನ. ಸ್ಟ್ರೆಂತ್ ಇದ್ದು ಕ್ವಾಲಿಟಿ ಇಲ್ಲ ಅಂದ್ರೆ ಡಿಶ್ ಸರಿದಿದೆ, ಇಲ್ಲಾ ಸೆಟ್ಟಿಂಗ್ ಬದಲಾಗಿದೆ. ಅರ್ಧಕ್ಕರ್ಧ ಕೆಲಸ ಇಲ್ಲೇ ಮುಗೀತು.

ಸೆಟ್ಟಿಂಗ್ ನೋಡೋಕೆ ಎರಡು ನಿಮಿಷ ಸಾಕು. ಮಕ್ಕಳು ರಿಮೋಟ್ ಒತ್ತಿ ಒತ್ತಿ ಫ್ಯಾಕ್ಟರಿ ರಿಸೆಟ್ ಆಗಿರೋದುಂಟು. ಎಲ್‌ಎನ್‌ಬಿ ತರಂಗಾಂತರ 9750/10600, ಎಲ್‌ಎನ್‌ಬಿ ಪವರ್ ಆನ್ ಇರಬೇಕು. ಪರೀಕ್ಷೆಗೆ 11090, ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ ನೋಡಬಹುದು. 11090ರಲ್ಲಿ 9750 ಕಳೆದ್ರೆ 1340 ಮೆಗಾಹರ್ಟ್ಸ್. ಕೇಬಲ್ಲಲ್ಲಿ ಇಳಿದು ಬರೋದು ಅದೇ. ನಾವು ಪರೀಕ್ಷೆಗೆ ಉರು ಹೊಡೆಯೋ ಮಿಕ್ಸರ್, ಲೋಕಲ್ ಆಸಿಲೇಟರ್ ಎಲ್ಲಾ ಮನೆ ತಾರಸಿ ಮೇಲೇ ಮಳೆ ಬಿಸಿಲಲ್ಲಿ ಕೆಲಸ ಮಾಡ್ತಿವೆ! ಇನ್ನು ಎಲ್ಲಾ ಚಾನೆಲ್ ಬಂದು ಒಂದೆರಡು ಮಾತ್ರ ಕಾಣೆಯಾಗಿದ್ರೆ ಅದು ಸಿಗ್ನಲ್ ತೊಂದರೆ ಅಲ್ಲದೇ ಇರಬಹುದು. ಇಲ್ಲಿನ ಜಾಗಗಳು ಹರಾಜಾಗ್ತವೆ, ಚಾನೆಲ್‌ಗಳು ಬಂದು ಹೋಗ್ತಿರ್ತವೆ. ಒಮ್ಮೆ ಸ್ಕ್ಯಾನ್ ಮಾಡಿ. ಎಂಪೆಗ್-4ರಲ್ಲಿ ಬರೋ ಚಾನೆಲ್‌ಗಳು ಹಳೇ ಎಂಪೆಗ್-2 ಬಾಕ್ಸಲ್ಲಿ ಎಷ್ಟು ಸ್ಕ್ಯಾನ್ ಮಾಡಿದ್ರೂ ಕಾಣಲ್ಲ, ಅದಕ್ಕೆ ಡಿಶ್ ತಿರುಗಿಸೋದು ವ್ಯರ್ಥ.

ಮೂರನೆಯದು ಕೇಬಲ್. ಮೊದಲು ಬಾಕ್ಸಿನ ಸ್ವಿಚ್ ಆಫ್ ಮಾಡಿ, ಆಮೇಲೆ ಪಿನ್ ಬಿಚ್ಚಿ. ಯಾಕಂದ್ರೆ ಸಿಗ್ನಲ್ ಇಳಿಯೋ ಅದೇ ಕೇಬಲ್ಲಲ್ಲಿ ಬಾಕ್ಸು ಮೇಲಕ್ಕೆ 13 ಅಥವಾ 18 ವೋಲ್ಟ್ ಕಳಿಸುತ್ತೆ. ಹೊರಗಿನ ಜಾಲರಿಯ ಒಂದೇ ಒಂದು ಎಳೆ ಮಧ್ಯದ ತಂತಿಗೆ ತಾಗಿದ್ರೂ ಶಾರ್ಟ್. ಪಿನ್ ಒಳಗೆ ಹಸಿರು ಕಿಲುಬು ಕಂಡ್ರೆ ನೀರು ಇಳಿದಿದೆ ಅಂತ ಅರ್ಥ. ಆ ತುದಿ ಕತ್ತರಿಸಿ ಹೊಸ ಪಿನ್ ಹಾಕಿ. ಮಧ್ಯದಲ್ಲಿ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಮೊದಲ ಅನುಮಾನ ಅದರ ಮೇಲೇ. ಎಲ್‌ಎನ್‌ಬಿ ಹತ್ತಿರ ಕೇಬಲ್ಲನ್ನು ಸ್ವಲ್ಪ ಕೆಳಗೆ ಬಾಗಿಸಿ ಕಟ್ಟಿ, ಹನಿ ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಪಕ್ಕದ ಮನೆಯವರ ಬಾಕ್ಸ್ ಹತ್ತು ನಿಮಿಷ ಇಸ್ಕೊಂಡು ನಮ್ಮ ಕೇಬಲ್ಲಿಗೆ ಹಾಕಿ ನೋಡೋದು ಎಲ್ಲಕ್ಕಿಂತ ಒಳ್ಳೇ ಪರೀಕ್ಷೆ. ಅದರಲ್ಲಿ ಬಂದ್ರೆ ನಮ್ಮ ಬಾಕ್ಸಿನ ತಪ್ಪು, ಅದರಲ್ಲೂ ಬರಲಿಲ್ಲ ಅಂದ್ರೆ ಕೇಬಲ್ ಅಥವಾ ಮೇಲಿನ ತಪ್ಪು.

ಇಷ್ಟಾದ ಮೇಲೆ ತಾರಸಿ. ಮಳೆ, ಗುಡುಗು ಇದ್ದಾಗ ಹತ್ತಲೇಬೇಡಿ. ಜೋರು ಮಳೆಯಲ್ಲಿ ಚಿತ್ರ ಒಡೆಯೋದು ಸಹಜ, ಮೋಡ ಸರಿದ್ರೆ ತಾನೇ ಬರುತ್ತೆ. ವಿದ್ಯುತ್ ತಂತಿ ಹತ್ತಿರ ಇದ್ರೆ ಲೋಹದ ಕಂಬ ಮುಟ್ಟೋದೂ ಬೇಡ, ಆ ಕೆಲಸ ಗೊತ್ತಿರೋರಿಗೇ ಬಿಡಿ. ಹಾಗೇ ಮಾರ್ಚ್ ಮಧ್ಯ ಮತ್ತು ಸೆಪ್ಟೆಂಬರ್ ಕೊನೆಯ ಆಸುಪಾಸು ಕೆಲವು ದಿನ, ನಮ್ಮ ಕಡೆ ಬೆಳಗ್ಗೆ ಹನ್ನೊಂದರ ಸುಮಾರಿಗೆ ಕೆಲವು ನಿಮಿಷ ಸಿಗ್ನಲ್ ಹೋಗಬಹುದು. ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ತನ್ನ ಗದ್ದಲ ಸೇರಿಸಿರ್ತಾನೆ. ಅದಕ್ಕೆ ಸ್ಪ್ಯಾನರ್ ಬೇಕಿಲ್ಲ, ತಾಳ್ಮೆ ಬೇಕು.

ಮೇಲೆ ಹೋದ ಮೇಲೂ ಮೊದಲು ಕಣ್ಣಲ್ಲಿ ನೋಡಿ, ಕೈ ಆಮೇಲೆ. ಎಲ್‌ಎನ್‌ಬಿ ಮೂತಿಯ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಒಡೆದಿದೆಯಾ? ಒಳಗೆ ನೀರು, ಹುಳದ ಗೂಡು ಇದೆಯಾ? ಡಿಶ್ ಕಂಬಕ್ಕೆ ಯಾರಾದ್ರೂ ಬಟ್ಟೆ ಒಣಗಿಸೋ ಹಗ್ಗ ಕಟ್ಟಿದ್ದಾರಾ? ಮಂಗಗಳು ಜೋತಾಡಿವೆಯಾ? ಎಲ್‌ಎನ್‌ಬಿ ಓರೆಯಾಗಿ ಕೂತಿದೆ ಅಂತ ಅಂದ ನೋಡಿ ನೆಟ್ಟಗೆ ಮಾಡ್ಬೇಡಿ, ಅದು ಬೇಕಂತಲೇ ಹಾಗಿರುತ್ತೆ. ಬೋಲ್ಟ್ ಸಡಿಲಿಸೋ ಮೊದಲು ಈಗಿರೋ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಹಾಕಿ. ಕೆಟ್ಟರೆ ಅಲ್ಲಿಗಾದರೂ ವಾಪಸ್ ಬರಬಹುದು.

ಇಲ್ಲಿ ನಮ್ಮ ಓದು ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಬೆಂಗಳೂರಿನಿಂದ ಲೆಕ್ಕ ಹಾಕಿದ್ರೆ ಈ ಉಪಗ್ರಹ ಉತ್ತರದಿಂದ ಪ್ರದಕ್ಷಿಣೆಯಾಗಿ 128 ಡಿಗ್ರಿ, ಅಂದ್ರೆ ಹೆಚ್ಚುಕಮ್ಮಿ ಆಗ್ನೇಯ. ಎತ್ತರ 66 ಡಿಗ್ರಿ. ಆದ್ರೆ ಡಿಶ್ ಅಷ್ಟು ಮೇಲೆ ನೋಡ್ತಿರಲ್ಲ. ಮನೆಗಳಲ್ಲಿರೋದು ಆಫ್‌ಸೆಟ್ ಡಿಶ್, ಅದರ ಮುಖಕ್ಕಿಂತ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಮೇಲಿನಿಂದ ಬರೋದನ್ನ ಅದು ಹಿಡಿಯುತ್ತೆ. ಇದು ಗೊತ್ತಿಲ್ಲದೇ ಆಕಾಶಕ್ಕೆ ಎತ್ತಿ ಹಿಡಿದವರಿಗೆ ಏನೂ ಸಿಗಲ್ಲ. "ಎದುರುಮನೆ ತೆಂಗಿನಮರ ಅಡ್ಡ ಬಂತು" ಅನ್ನೋದನ್ನೂ ಲೆಕ್ಕ ಹಾಕಿ ನೋಡಿ. 66 ಡಿಗ್ರಿಗೆ ಮರ ಅಡ್ಡ ಬರಬೇಕಾದ್ರೆ ನಾಲ್ಕು ಮೀಟರ್ ದೂರದ ಮರ ಡಿಶ್‌ಗಿಂತ ಒಂಬತ್ತು ಮೀಟರ್ ಎತ್ತರ ಇರಬೇಕು. ಎಷ್ಟೋ ಮರಗಳು ಸುಮ್ಮನೆ ಬೈಸಿಕೊಳ್ತಿವೆ! ಇನ್ನು 60 ಸೆಂಟಿಮೀಟರ್ ಡಿಶ್ ನೋಡೋ ಕಿಂಡಿ ಸುಮಾರು ಮೂರು ಡಿಗ್ರಿ ಅಷ್ಟೇ. ಅಂಚು ಒಂದು ಸೆಂಟಿಮೀಟರಿನಷ್ಟು ಸರಿದ್ರೂ ಅರ್ಧ ಶಕ್ತಿ ಹೋದ ಹಾಗೆ. ಹಾಗಾಗಿ ಕೂದಲೆಳೆಯಷ್ಟು ಸರಿಸಿ, ಎರಡು ಮೂರು ಸೆಕೆಂಡ್ ನಿಲ್ಲಿ, ಕೆಳಗಿನವರು ಕ್ವಾಲಿಟಿ ಎಷ್ಟು ಅಂತ ಫೋನಲ್ಲಿ ಹೇಳಲಿ, ಮತ್ತೆ ಸರಿಸಿ.

ಇದ್ಯಾವುದೂ ರಾಕೆಟ್ ವಿಜ್ಞಾನ ಅಲ್ಲ, ರಾಕೆಟ್ ಕೆಲಸ ಆಗಲೇ ಮುಗಿದಿದೆ. ಉಳಿದಿರೋದು ನಟ್ಟು, ಬೋಲ್ಟು, ಪಿನ್ನು. ಆದ್ರೂ ಯಾಕೆ ಕಷ್ಟ? ಬಾಕ್ಸಿನ ಮೆನು ಸಾಮಾನ್ಯವಾಗಿ ಇಂಗ್ಲಿಷಲ್ಲಿ, ಜೊತೆಗೆ ಕೊಡೋ ಪುಸ್ತಕವೂ ಇಂಗ್ಲಿಷಲ್ಲಿ. ಅದನ್ನು ಓದಬಲ್ಲ ನಮಗೆ ಕ್ಲಾಸಲ್ಲಿ ಲಿಂಕ್ ಬಜೆಟ್ ಹತ್ತು ಅಂಕದ ಪ್ರಶ್ನೆ ಮಾತ್ರ. ಆ ಹತ್ತು ಅಂಕಕ್ಕೂ ತಾರಸಿ ಮೇಲಿನ ಡಿಶ್‌ಗೂ ಸಂಬಂಧ ಇದೆ ಅಂತ ಲ್ಯಾಬಲ್ಲಿ ತೋರಿಸೋ ಏರ್ಪಾಡಿಲ್ಲ. ಒಂದು ಹಳೇ ಡಿಶ್, ಒಂದು ಬಾಕ್ಸ್, ಒಂದು ಕಂಪಾಸ್ ಕಾಲೇಜಿನ ತಾರಸಿಯಲ್ಲಿಟ್ಟರೆ ಅದೇ ಒಂದು ಪ್ರಯೋಗ. ಇದಕ್ಕೆ ದೊಡ್ಡ ಗ್ರ್ಯಾಂಟ್ ಬೇಕಿಲ್ಲ.

ಈ ನೆಲಕ್ಕೆ ಇದು ಹೊಸದೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಟಿವಿ ಬಂತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಹಾಕೋ ಜಾಲರಿಯಿಂದ ಮಾಡಿದ, ಮೂರು ಮೀಟರ್ ಅಗಲದ ಡಿಶ್‌ಗಳವು. ಉಪಗ್ರಹ ಎಷ್ಟೇ ದೊಡ್ಡದಿರಲಿ, ಹಳ್ಳಿಯ ಸೆಟ್ ಕೆಟ್ಟರೆ ಅಲ್ಲಿಗೆ ಕಾರ್ಯಕ್ರಮ ಇಲ್ಲ. ಐವತ್ತು ವರ್ಷದ ಮೇಲೂ ಆ ಮಾತು ಬದಲಾಗಿಲ್ಲ.

ಡಿಶ್ ರಿಪೇರಿ ಮಾಡೋ ಅಣ್ಣಂದಿರ ಹೊಟ್ಟೆ ಮೇಲೆ ಹೊಡೆಯೋ ಉದ್ದೇಶ ನಮಗಿಲ್ಲ. ಕೆಟ್ಟ ಎಲ್‌ಎನ್‌ಬಿ ಬದಲಿಸೋದಕ್ಕೆ, ಇಳಿಜಾರು ಹೆಂಚಿನ ಮೇಲೆ ಹತ್ತೋದಕ್ಕೆ ಅವರೇ ಬೇಕು, ಆ ಕೆಲಸಕ್ಕೆ ಕೂಲಿಯೂ ಸಲ್ಲಬೇಕು. ಆದ್ರೆ ಏನು ಕೆಟ್ಟಿದೆ ಅಂತ ಗೊತ್ತಿದ್ದು ಕರೆಯೋದಕ್ಕೂ, ಗೊತ್ತಿಲ್ಲದೇ ಕರೆಯೋದಕ್ಕೂ ವ್ಯತ್ಯಾಸ ಇದೆ. ಗೊತ್ತಿದ್ರೆ ಬೇಡದ ಹೊಸ ಬಾಕ್ಸಿಗೆ ದುಡ್ಡು ಹೋಗಲ್ಲ.

ಹಾಗಾಗಿ ನಮ್ಮ ಸಂಘದ ಮುಂದೆ ಒಂದು ಸಲಹೆ ಇಡ್ತಿದ್ದೀವಿ. ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿ, ಭಾಷಣ ಮಾಡಿ ಮುಗಿಸೋದರ ಜೊತೆಗೆ ಒಂದು ಪುಟದ ಕನ್ನಡ ಚೀಟಿ ಮಾಡೋಣ: ಮೆನು, ಎರಡು ಪಟ್ಟಿ, ಪಿನ್ನು, ಪಕ್ಕದ ಮನೆ ಬಾಕ್ಸು, ಆಮೇಲೆ ತಾರಸಿ. ದೊಡ್ಡ ಅಕ್ಷರದಲ್ಲಿ, ಅಜ್ಜಿಗೂ ಅರ್ಥ ಆಗೋ ಮಾತಲ್ಲಿ. ಕನ್ನಡದಲ್ಲಿ ತಂತ್ರಜ್ಞಾನ ಬರಬೇಕು ಅಂತ ಎಲ್ಲರೂ ಹೇಳ್ತೀವಿ, ಟಿವಿ ಹಿಂದೆ ಅಂಟಿಸೋ ಚೀಟಿಯಿಂದಲೇ ಅದು ಶುರುವಾಗಲಿ.

ಅದಕ್ಕೂ ಮೊದಲು ಪ್ರತಿಯೊಬ್ಬರೂ ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಮುಂದಿನ ಸಲ ಊರಿಗೆ ಹೋದಾಗ, ಟಿವಿ ಚೆನ್ನಾಗಿ ಬರ್ತಿರೋವಾಗಲೇ, ಸ್ಟ್ರೆಂತ್ ಎಷ್ಟು, ಕ್ವಾಲಿಟಿ ಎಷ್ಟು ಅಂತ ನೋಡಿ ಬಾಕ್ಸಿನ ತಲೆ ಮೇಲೆ ಬರೆದಿಡಿ. ಬಾಕ್ಸಿಂದ ಬಾಕ್ಸಿಗೆ ಆ ಸಂಖ್ಯೆ ಬೇರೆ ಇರುತ್ತೆ, ಹಾಗಾಗಿ ನಿಮ್ಮ ಮನೆಯ ಸಂಖ್ಯೆ ನಿಮ್ಮ ಮನೆಯದೇ ಆಗಬೇಕು. ಕೆಟ್ಟ ದಿನ ಹೋಲಿಸೋಕೆ ಒಳ್ಳೇ ದಿನದ ಲೆಕ್ಕ ಕೈಯಲ್ಲಿರಬೇಕು.