ಪುರ್ಜಾ ಸಿಗುತ್ತಾ?

ಮಾಡೆಲ್ ರೈಲು ಎಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜಾತ್ರೆ, ಉರುಸುಗಳಲ್ಲಿ ಮಾರುವ ಕೀಲಿ ಕೊಡುವ ಆಟಿಕೆ. ನಾನು ಹೇಳಹೊರಟಿರುವುದು ಅದಲ್ಲ. ಅಮೆರಿಕ, ಇಂಗ್ಲೆಂಡ್, ಜರ್ಮನಿ, ಜಪಾನ್ ದೇಶಗಳಲ್ಲಿ ಇದು ದೊಡ್ಡವರ ಹವ್ಯಾಸ. ನಿಜವಾದ ಡೀಸೆಲ್ ಎಂಜಿನನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿ ಮಾಡಿದರೆ ಅದು ಎಚ್‌ಒ ಅಳತೆ. ಇಂಗ್ಲೆಂಡಿನವರು 76ರಲ್ಲಿ ಒಂದು ಪಾಲು ಮಾಡುತ್ತಾರೆ, ಅದಕ್ಕೆ ಡಬಲ್ ಒ ಎನ್ನುತ್ತಾರೆ. ಎರಡೂ ಓಡುವುದು 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ. ಒಳಗೆ ಡೀಸೆಲ್ ಇರುವುದಿಲ್ಲ. ಒಂದು ಸಣ್ಣ 12 ವೋಲ್ಟ್ ಮೋಟರ್, ಅದರಿಂದ ಗಾಲಿಗೆ ಶಕ್ತಿ ಒಯ್ಯುವ ಗೇರ್‌ಗಳು, ತೂಕಕ್ಕಾಗಿ ಒಂದು ಲೋಹದ ಚಾಸಿ, ಮೇಲೆ ಪ್ಲಾಸ್ಟಿಕ್ ಮೈ, ಇಷ್ಟೇ.

ಇಂಥ ಎಂಜಿನ್‌ಗಳ ವಿಮರ್ಶೆ ಓದಿದರೆ ಕಿಟಕಿಯ ಚೌಕಟ್ಟು ಎಷ್ಟು ತೆಳು, ಫ್ಯಾನಿನ ಜಾಲರಿಯ ಕೆಳಗೆ ಫ್ಯಾನ್ ಕಾಣುತ್ತದೆಯೋ ಇಲ್ಲವೋ, ಬಣ್ಣದ ಹಳದಿ ಸರಿಯಾದ ಹಳದಿಯೋ ಎಂದು ಪುಟಗಟ್ಟಲೆ ಬರೆದಿರುತ್ತಾರೆ. ಗೇರ್ ಮುರಿದರೆ ಇನ್ನೊಂದು ಸಿಗುತ್ತದೆಯೇ ಎಂಬ ಪ್ರಶ್ನೆಗೆ ಒಂದು ಸಾಲೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಮಿಕ್ಸಿ ಕೊಳ್ಳಲಿ, ಹೊಲಿಗೆ ಯಂತ್ರ ಕೊಳ್ಳಲಿ, ಅಮ್ಮಿ ಕೇಳುವ ಮೊದಲ ಪ್ರಶ್ನೆ ಅದೇ: ‘ಇಸ್ಕಾ ಪುರ್ಜಾ ಮಿಲ್ತಾ ಕ್ಯಾ?’ ಮಾಡೆಲ್ ಎಂಜಿನ್‌ನ ಗುಣಮಟ್ಟವನ್ನೂ ಮೊದಲು ಈ ಪ್ರಶ್ನೆಯಿಂದಲೇ ಅಳೆಯಬೇಕು, ಅಂದ ಆಮೇಲೆ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಅಥರ್ನ್ ಕಂಪನಿಯನ್ನೇ ನೋಡಿ. ಇರ್ವಿನ್ ಅಥರ್ನ್ ಎಂಬವರು 1946ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ್ದು. ಅವರ ಡೀಸೆಲ್ ಎಂಜಿನ್‌ಗಳು ನೀಲಿ ಡಬ್ಬಿಯಲ್ಲಿ ಬರುತ್ತಿದ್ದುದರಿಂದ ಇಂದಿಗೂ ಅವಕ್ಕೆ ‘ಬ್ಲೂ ಬಾಕ್ಸ್’ ಎಂದೇ ಹೆಸರು. ನೋಡಲು ಅಷ್ಟಕ್ಕಷ್ಟೇ. ಮೋಟರ್ ಅಗಲವಾಗಿದ್ದ ಕಾರಣ ಹಳೆಯ ಕೆಲವು ಮಾದರಿಗಳ ಮೈಯನ್ನೇ ನಿಜವಾದ ಎಂಜಿನ್‌ಗಿಂತ ದಪ್ಪ ಮಾಡಿದ್ದರು. ಕೈಪಿಡಿ ಕಂಬಿಗಳು ದಪ್ಪ ತಂತಿಯವು. ಗಾಲಿಗಳಿಗೆ ಬೇಗ ಕೊಳೆ ಹಿಡಿಯುತ್ತಿತ್ತು, ಓಡುವಾಗ ಸದ್ದೂ ಜಾಸ್ತಿ. ಆದರೆ ಇಡೀ ಎಂಜಿನ್ ಸಣ್ಣ ಸ್ಕ್ರೂಡ್ರೈವರ್ ಒಂದರಿಂದ ಬಿಚ್ಚಿಕೊಳ್ಳುತ್ತಿತ್ತು. ಬಹಳಷ್ಟು ಭಾಗಗಳು ಸ್ಕ್ರೂ ಕೂಡ ಇಲ್ಲದೆ ಕಚ್ಚಿ ಕೂರುವಂಥವು. ಡಬ್ಬಿಯೊಳಗೆ ಪ್ರತಿಯೊಂದು ಭಾಗದ ಚಿತ್ರ ಮತ್ತು ಸಂಖ್ಯೆ ಇರುವ ಹಾಳೆ. ಆ ಸಂಖ್ಯೆ ಹೇಳಿದರೆ ಅಂಗಡಿಯಲ್ಲಿ ಪುಟ್ಟ ಪೊಟ್ಟಣದಲ್ಲಿ ಅದೇ ಭಾಗ ಸಿಗುತ್ತಿತ್ತು. ಅದಕ್ಕಿಂತ ಮುಖ್ಯ, ಒಂದೇ ಗೇರ್ ಹತ್ತಾರು ಮಾದರಿಗಳಿಗೆ ಹೊಂದುತ್ತಿತ್ತು.

ನಂತರ 1980ರ ದಶಕದ ಕೊನೆಗೆ ಲೈಫ್-ಲೈಕ್ ಎಂಬ ಇನ್ನೊಂದು ಅಮೆರಿಕನ್ ಕಂಪನಿ ‘ಪ್ರೊಟೊ 2000’ ಎಂಬ ಸಾಲು ತಂದಿತು. ಅಂದದಲ್ಲಿ ಅಥರ್ನ್ ಅದರ ಹತ್ತಿರಕ್ಕೂ ಬರುವುದಿಲ್ಲ. ಮೈ ಸರಿಯಾದ ಅಗಲ, ತೆಳುವಾದ ಕಂಬಿಗಳು, ಬೆಣ್ಣೆಯಂಥ ನಯವಾದ ಓಟ. ಕೆಲವು ವರ್ಷಗಳ ಬಳಿಕ ಅವುಗಳಲ್ಲಿ ಬಹಳಷ್ಟು ಕುಂಟತೊಡಗಿದವು. ಕಾರಣ ಎರಡು ಗಾಲಿಗಳ ನಡುವೆ ಕೂರುವ ಪ್ಲಾಸ್ಟಿಕ್ ಗೇರ್. ಅದರ ಎರಡೂ ಕಡೆಯಿಂದ ಲೋಹದ ಅರ್ಧ ಆಕ್ಸೆಲ್‌ಗಳನ್ನು ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ವರ್ಷಗಟ್ಟಲೆ ಆ ಬಿಗಿತವನ್ನು ತಾಳಲಾರದೆ ಗೇರ್ ಸೀಳುತ್ತದೆ. ಸೀಳು ಕೂದಲೆಳೆಯಷ್ಟೇ. ಆದರೆ ಆ ಜಾಗದಲ್ಲಿ ಎರಡು ಹಲ್ಲುಗಳ ನಡುವಿನ ಅಂತರ ಹೆಚ್ಚಾಗಿ, ಗಾಲಿ ಒಂದು ಸುತ್ತು ತಿರುಗಿದಾಗಲೆಲ್ಲ ಟಕ್ ಎಂದು ತಡವರಿಸುತ್ತದೆ. ಒಂದು ದಿನವೂ ಓಡಿಸದೆ ಡಬ್ಬಿಯಲ್ಲಿಟ್ಟ ಎಂಜಿನ್‌ಗಳಲ್ಲೂ ಗೇರ್ ಸೀಳಿತ್ತು, ಯಾಕೆಂದರೆ ಬಿಗಿತ ಡಬ್ಬಿಯೊಳಗೂ ಇತ್ತಲ್ಲ!

ಈಗ ಕುತೂಹಲದ ವಿಷಯ ಕೇಳಿ. ಜನ ಇದನ್ನು ಸರಿಮಾಡಿಕೊಂಡಿದ್ದು ಅಥರ್ನ್ ಗೇರ್ ಹಾಕಿ. ಅಳತೆ ಹೊಂದುತ್ತಿತ್ತು, ಅಂಗಡಿಯಲ್ಲಿ ಪೊಟ್ಟಣ ಸಿಗುತ್ತಿತ್ತು. 2005ರಲ್ಲಿ ಲೈಫ್-ಲೈಕ್‌ನ ರೈಲು ವ್ಯಾಪಾರವನ್ನು ಕೊಂಡ ವಾಲ್ಥರ್ಸ್ ಕಂಪನಿಯೂ ಬದಲಿ ಗೇರ್ ಒದಗಿಸಿತು. ಚೆಲುವ ಎಂಜಿನ್‌ನ ಪ್ರಾಣ ಉಳಿಸಿದ್ದು ದಪ್ಪ ಎಂಜಿನ್‌ನ ಪುರ್ಜಾ. ಪ್ರೊಟೊ 2000 ಕಳಪೆ ಎಂದು ನಾನು ಹೇಳುತ್ತಿಲ್ಲ. ದೋಷ ಯಾವ ಕಂಪನಿಯ ಮಾಲಿನಲ್ಲೂ ಬರಬಹುದು. ಬಂದಾಗ ದಾರಿ ಇತ್ತು ಎಂಬುದನ್ನಷ್ಟೇ ಗಮನಿಸಿ.

ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿಗೆ ಹೋಗಬೇಕು. ಹಾರ್ನ್‌ಬಿ ಕಂಪನಿ 2005ರಲ್ಲಿ ಅಲ್ಲಿನ ‘ಕ್ಲಾಸ್ 31’ ಡೀಸೆಲ್‌ನ ಹೊಸ ಮಾದರಿ ತಂದಿತು. ಅದನ್ನು ಎಲ್ಲರೂ ಮೆಚ್ಚಿಕೊಂಡರು. ಆದರೆ ಎಷ್ಟೋ ಎಂಜಿನ್‌ಗಳ ಚಾಸಿ ಕಾಲಕ್ರಮದಲ್ಲಿ ಉಬ್ಬಿ, ಬಾಗಿ, ಬಿರುಕು ಬಿಟ್ಟು, ಮೇಲಿನ ಮೈಯನ್ನೇ ತಳ್ಳತೊಡಗಿತು. ಇದಕ್ಕೆ ಇಂಗ್ಲಿಷಿನವರು ‘ಮಜಾಕ್ ರಾಟ್’ ಎನ್ನುತ್ತಾರೆ. (ನಮ್ಮ ಉರ್ದುವಿನ ಮಜಾಕ್ ಅಲ್ಲ, ಆದರೆ ಕೊಂಡವನ ಪಾಲಿಗೆ ಅದೂ ಸರಿಯೇ.) ಮಜಾಕ್ ಎಂದರೆ ಸತು, ಅಲ್ಯುಮಿನಿಯಂ ಮುಂತಾದವು ಸೇರಿದ ಮಿಶ್ರಲೋಹ. ಅದರಲ್ಲಿ ಸೀಸದಂಥ ಕಲ್ಮಶ ತುಸುವೇ ಸೇರಿದರೂ ಲೋಹ ತನ್ನ ಹರಳುಗಳ ನಡುವಿನಿಂದಲೇ ಕೊಳೆಯುತ್ತದೆ, ತೇವವಿದ್ದರೆ ಇನ್ನೂ ಬೇಗ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದೇನೂ ಹೊಸ ರೋಗವಲ್ಲ, ಎರಡನೇ ಮಹಾಯುದ್ಧಕ್ಕೆ ಮೊದಲಿನ ಲೋಹದ ಆಟಿಕೆಗಳೂ ಹೀಗೇ ಪುಡಿಯಾಗಿದ್ದವು. ಅಂಟು ಹಾಕಿ ಇದನ್ನು ಗುಣಪಡಿಸಲಾಗದು. ಹೊಸ ಚಾಸಿಯೇ ಬೇಕು. ಅದು ಕಂಪನಿಯ ಸ್ಟಾಕಿನಲ್ಲಿ ಇಲ್ಲವೆಂದರೆ ಮೋಟರ್, ಗಾಲಿ, ಮೈ ಎಲ್ಲ ಚೆನ್ನಾಗಿದ್ದೂ ಎಂಜಿನ್ ಸತ್ತಂತೆಯೇ.

ನಿಜವಾದ ಕ್ಲಾಸ್ 31ರ ಕಥೆ ಗೊತ್ತಾದಾಗ ನನಗೆ ನಗು ಬಂತು. 1957ರಲ್ಲಿ ಓಡಲು ಶುರುವಾದ ಅವುಗಳ ಮಿರ್ಲೀಸ್ ಡೀಸೆಲ್ ಎಂಜಿನ್‌ಗಳಲ್ಲೂ ಬಿರುಕು ಕಾಣಿಸಿತ್ತು. ಬ್ರಿಟಿಷ್ ರೈಲ್ವೆಯವರು ಲೋಕೊಮೋಟಿವ್‌ಗಳನ್ನು ಗುಜರಿಗೆ ಹಾಕಲಿಲ್ಲ. 1960ರ ದಶಕದಲ್ಲಿ ಒಂದೊಂದಕ್ಕೂ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಬೇರೆ ಎಂಜಿನ್ ಕೂರಿಸಿ ಓಡಿಸಿದರು. ನೂರು ಟನ್ ತೂಗುವ ಅಸಲಿಗೆ ಹೃದಯವನ್ನೇ ಬದಲಿಸಲು ಆಯಿತು, ಅಂಗೈ ಮೇಲೆ ಕೂರುವ ನಕಲಿಗೆ ಒಂದು ತುಂಡು ಸತು ಸಿಗುವುದಿಲ್ಲ!

ನಮ್ಮ ದೇಶದ ಉದಾಹರಣೆಯೂ ಇದೆ. ಡಬ್ಲ್ಯುಡಿಎಂ-2 ಎಂಬ 2,600 ಅಶ್ವಶಕ್ತಿಯ ಡೀಸೆಲ್ ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ. ಮೊದಲ ಎಂಜಿನ್‌ಗಳು 1962ರಲ್ಲಿ ಬಂದವು, 1964ರಿಂದ ವಾರಾಣಸಿಯಲ್ಲಿ ತಯಾರಿ ಆರಂಭವಾಯಿತು. 1969ರಲ್ಲಿ ಆಲ್ಕೊ ಲೋಕೊಮೋಟಿವ್ ಕಾರ್ಖಾನೆಯನ್ನೇ ಮುಚ್ಚಿತು. ತಯಾರಕನೇ ಹೋದ ಮೇಲೂ ಆ ಜಾತಿಯ ಎಂಜಿನ್‌ಗಳು ದಶಕಗಳ ಕಾಲ ನಮ್ಮ ಬೆಂಗಳೂರಿನ ಕೃಷ್ಣರಾಜಪುರಂ ಶೆಡ್‌ನಿಂದ ಹೊರಟು ರೈಲು ಎಳೆದವು. ಯಾಕೆಂದರೆ ಪುರ್ಜಾ ಇಲ್ಲೇ ತಯಾರಾಗುತ್ತಿತ್ತು. 1981ರಲ್ಲಿ ಪಟಿಯಾಲದಲ್ಲಿ ಡೀಸೆಲ್ ಬಿಡಿಭಾಗಗಳಿಗೆಂದೇ ಒಂದು ಕಾರ್ಖಾನೆ ಸ್ಥಾಪಿಸಿದರು.

ಹಾಗಾದರೆ ಮಾಡೆಲ್ ಕಂಪನಿಗಳು ಬಿಡಿಭಾಗ ಯಾಕೆ ಇಡುವುದಿಲ್ಲ? ಕಾಮರ್ಸ್ ಓದುವವರಿಗೆ ಉತ್ತರ ಕಷ್ಟವಲ್ಲ. ಇಂದು ಹೆಚ್ಚಿನ ಬ್ರ್ಯಾಂಡ್‌ಗಳಿಗೆ ಸ್ವಂತ ಕಾರ್ಖಾನೆ ಇಲ್ಲ. ಹಾರ್ನ್‌ಬಿ ಕೂಡ 1990ರ ದಶಕದಲ್ಲಿ ಮಾರ್ಗೇಟ್ ಊರಿನಿಂದ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿತು. ಮೊದಲು ಬುಕಿಂಗ್ ತೆಗೆದುಕೊಂಡು, ಎಣಿಸಿದಷ್ಟೇ ಎಂಜಿನ್ ಮಾಡಿಸಿ, ಅಚ್ಚನ್ನು ಎತ್ತಿಡುತ್ತಾರೆ. ಹೆಚ್ಚುವರಿ ಗೇರ್, ಚಾಸಿ ಮಾಡಿಸಿ ಗೋದಾಮಿನಲ್ಲಿಟ್ಟರೆ ದುಡಿಯುವ ಬಂಡವಾಳ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಗೇರ್ ಮಾರುವುದಕ್ಕಿಂತ ಇನ್ನೊಂದು ಹೊಸ ಎಂಜಿನ್ ಮಾರಿದರೆ ಲಾಭ. ಪುಸ್ತಕದ ಲೆಕ್ಕದಲ್ಲಿ ಅವರದು ತಪ್ಪಲ್ಲ.

ಆದರೆ ಕೊಳ್ಳುವವನ ಪುಸ್ತಕವೂ ಒಂದಿದೆ. ಸವಕಳಿ ಪಾಠದ ಸೂತ್ರ ನೆನಪಿಸಿಕೊಳ್ಳಿ: ಮೂಲ ಬೆಲೆಯಿಂದ ಉಳಿಕೆ ಮೌಲ್ಯ ಕಳೆದು, ಬಾಳುವ ವರ್ಷಗಳಿಂದ ಭಾಗಿಸಬೇಕು. ಉದಾಹರಣೆಗೆ 15,000 ರೂಪಾಯಿಯ ಎಂಜಿನ್ 5 ವರ್ಷಕ್ಕೆ ಗುಜರಿಯಾದರೆ ವರ್ಷಕ್ಕೆ 3,000 ರೂಪಾಯಿ ಸವಕಳಿ. 6,000 ರೂಪಾಯಿಯದು ರಿಪೇರಿಯಾಗುತ್ತ 30 ವರ್ಷ ಓಡಿದರೆ ವರ್ಷಕ್ಕೆ 200 ರೂಪಾಯಿ, ಜೊತೆಗೆ ಪುರ್ಜಾಗಳ ಚಿಲ್ಲರೆ ಖರ್ಚು. ಬಾಳುವ ವರ್ಷ ಎಷ್ಟೆಂದು ನಿರ್ಧರಿಸುವುದು ಎಂಜಿನ್‌ನ ಅತ್ಯಂತ ದುಬಾರಿ ಭಾಗವಲ್ಲ, ಸಿಗದೇ ಹೋಗುವ ಅತ್ಯಂತ ಅಗ್ಗದ ಭಾಗ.

ಇದು ಶ್ರೀಮಂತರ ಚಟ, ನಮಗೇಕೆ ಈ ಚರ್ಚೆ ಎಂದು ನನ್ನ ಬೆಂಚಿನ ಗೆಳೆಯ ಕೇಳಿದ. ನನ್ನ ಉತ್ತರ ತಿರುಗುಮುರುಗು. ಶ್ರೀಮಂತನಿಗೆ ಪುರ್ಜಾ ಬೇಡ, ಅವನು ಇನ್ನೊಂದು ಕೊಳ್ಳುತ್ತಾನೆ. ದುಬೈನಲ್ಲಿದ್ದ ನಮ್ಮ ಮಾಮು ವರ್ಷಗಟ್ಟಲೆ ಉಳಿಸಿ ಎರಡು ಎಂಜಿನ್ ಕೊಂಡು ತಂದರು. ಹಳೆಯದು, ನೋಡಲು ಸಾಧಾರಣವಾದದ್ದು, ಈಗಲೂ ನಮ್ಮ ಮಂಚದ ಕೆಳಗಿನ ಹಳಿಯಲ್ಲಿ ಓಡುತ್ತದೆ. ಹೊಸದರ ಗೇರ್ ಎರಡನೇ ವರ್ಷವೇ ಸೀಳಿತು. ಆ ಕಂಪನಿಗೆ ಬರೆದಾಗ ಬಿಡಿ ಗೇರ್ ಮಾರುವುದಿಲ್ಲ, ಮುಂದಿನ ಬ್ಯಾಚ್ ಬಂದಾಗ ಹೊಸ ಎಂಜಿನ್ ಕೊಳ್ಳಬಹುದು ಎಂದು ಬಹಳ ವಿನಯದಿಂದ ಉತ್ತರಿಸಿದರು. ಇಂಗ್ಲೆಂಡಿನಲ್ಲಿ ಹೊಸ ಡೀಸೆಲ್ ಮಾದರಿಯೊಂದರ ಬೆಲೆ ಈಗ 150 ಪೌಂಡ್ ದಾಟುವುದು ಸಾಮಾನ್ಯ. ಮಾಮು ಶಿವಾಜಿನಗರದಲ್ಲಿ ಸ್ಕೂಟರ್ ರಿಪೇರಿ ಮಾಡಿ ಬೆಳೆದವರು, ಗುಜರಿಯಲ್ಲಿ ಸಿಗದ ವಸ್ತುವಿಲ್ಲ ಎಂದು ನಂಬಿದವರು. ಅವರಿಗೆ ಆ ಪತ್ರ ಅರ್ಥವೇ ಆಗಲಿಲ್ಲ. ಮಾರಿದವರು ಪುರ್ಜಾ ಮಾರಲ್ಲ ಅಂದರೆ ಏನರ್ಥ, ಎಂದು ನನ್ನನ್ನೇ ಕೇಳಿದರು.

ಬೇರೆ ವಸ್ತುಗಳ ವಿಷಯದಲ್ಲಿ ಸರ್ಕಾರಗಳು ಈ ಪ್ರಶ್ನೆಯನ್ನು ಕೇಳತೊಡಗಿವೆ. ಐರೋಪ್ಯ ಒಕ್ಕೂಟದಲ್ಲಿ 2021ರಿಂದ ಫ್ರಿಜ್, ವಾಷಿಂಗ್ ಮೆಷಿನ್‌ಗಳ ಮುಖ್ಯ ಬಿಡಿಭಾಗಗಳನ್ನು 7ರಿಂದ 10 ವರ್ಷ ಒದಗಿಸಲೇಬೇಕು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರಿನಲ್ಲಿ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆದಿದೆ. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಅದಕ್ಕೆ ಆರಿಸಿದ್ದಾರೆ. ಮಾಡೆಲ್ ಎಂಜಿನ್‌ಗೂ ಕಾನೂನು ಬೇಕೆಂದು ನಾನು ಹಟ ಹಿಡಿಯುವುದಿಲ್ಲ, ಸರ್ಕಾರಕ್ಕೆ ಬೇರೆ ಕೆಲಸವಿದೆ. ಆದರೆ ಡಬ್ಬಿಯ ಮೇಲೆ ಒಂದು ಸಾಲು ಅಚ್ಚು ಮಾಡಲು ಕಾನೂನು ಬೇಡ: ಈ ಎಂಜಿನ್‌ನ ಗೇರ್, ಮೋಟರ್, ಚಾಸಿಗಳನ್ನು ಇಷ್ಟು ವರ್ಷ ಬಿಡಿಯಾಗಿ ಮಾರುತ್ತೇವೆ, ಅಥವಾ ಮಾರುವುದಿಲ್ಲ. ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿ ಎಂಜಿನ್ ಜೊತೆ ಕೊಡುವ ಪುಸ್ತಿಕೆಯಲ್ಲಿ ಭಾಗಗಳ ಚಿತ್ರ, ಸಂಖ್ಯೆಗಳನ್ನು ಕೊಡುತ್ತದೆ. ಅದೇ ಕಂಪನಿ 2009ರಲ್ಲಿ ದಿವಾಳಿಯ ಅಂಚಿಗೆ ಹೋಗಿ ಬಂದದ್ದೂ ನಿಜ, ಆದರೂ ಆ ಅಭ್ಯಾಸ ಬಿಡಲಿಲ್ಲ.

ಬಿಡಿಭಾಗ ಇಟ್ಟರೆ ಎಂಜಿನ್ ಬೆಲೆ ಏರುತ್ತದೆ ಎನ್ನುವವರಿದ್ದಾರೆ. ಏರಲಿ. ಎಂಜಿನ್ ಜೊತೆಗೇ ನಾಲ್ಕು ಹೆಚ್ಚುವರಿ ಗೇರ್ ಪೊಟ್ಟಣ ಕಟ್ಟಿ ಕೊಟ್ಟು ಇನ್ನೂರು ರೂಪಾಯಿ ಜಾಸ್ತಿ ಕೇಳಿದರೂ ಮಾಮು ಸಂತೋಷದಿಂದ ಕೊಡುತ್ತಿದ್ದರು. ವಿಮರ್ಶೆ ಬರೆಯುವವರೂ ಕಿಟಕಿ ಎಣಿಸುವ ಮೊದಲು ಎಂಜಿನನ್ನು ಬಿಚ್ಚಿ, ಗೇರಿನ ಸಂಖ್ಯೆ ಹಾಳೆಯಲ್ಲಿದೆಯೇ, ಅದನ್ನು ಬೇರೆಯಾಗಿ ಆರ್ಡರ್ ಮಾಡಿದರೆ ಎಷ್ಟು ದಿನದಲ್ಲಿ ಬರುತ್ತದೆ ಎಂದು ನೋಡಿ ಬರೆಯಲಿ. ಬರದಿದ್ದರೆ ಅದನ್ನೂ ಬರೆಯಲಿ.