ಹಾಡಿನಲ್ಲಿ ಜಗಳ, ಕಣ್ಣಿನಲ್ಲಿ ಪ್ರೀತಿ!

ಚಿತ್ರರಸಿಕ ಗೆಳೆಯರೇ, ನಮ್ಮ ಗಾಂಧಿನಗರದ ಪದ್ಧತಿ ನಿಮಗೆ ಗೊತ್ತೇ ಇದೆ. ಮೊದಲು ಕಾದಂಬರಿ, ಆಮೇಲೆ ಚಿತ್ರ, ಚಿತ್ರದ ಜೊತೆಗೆ ಹಾಡು. ವಾಣಿಯವರ 'ಎರಡು ಕನಸು' ಕಾದಂಬರಿಯನ್ನು ದೊರೆ-ಭಗವಾನ್ 1974ರಲ್ಲಿ ತೆರೆಗೆ ತಂದರು. ರಾಜನ್-ನಾಗೇಂದ್ರರ ಆ ಹಾಡುಗಳು ಇವತ್ತಿಗೂ ನಮ್ಮ ನಾಲಿಗೆಯ ಮೇಲಿವೆ. ಆದರೆ ಹಾಡೇ ಮೊದಲು ಹುಟ್ಟಿ, ಹಾಡಿನಿಂದ ಕಾದಂಬರಿ ಹುಟ್ಟಿ, ಕಾದಂಬರಿಯಿಂದ ಧಾರಾವಾಹಿ ಹುಟ್ಟಿದ್ದು ಕೇಳಿದ್ದೀರಾ? ಈ ವಾರ ಆ ಉಲ್ಟಾ ಕಥೆ!

ಕಾದಂಬರಿಯ ಹೆಸರು 'ಡೈಸಿ ಜೋನ್ಸ್ ಅಂಡ್ ದಿ ಸಿಕ್ಸ್'. ಬರೆದಾಕೆ ಅಮೆರಿಕದ ಟೇಲರ್ ಜೆಂಕಿನ್ಸ್ ರೀಡ್. ಹೊರಬಂದದ್ದು 2019ರಲ್ಲಿ. ಅದರ ಬೇರು ಇರೋದು ಮಾತ್ರ 'ಫ್ಲೀಟ್‌ವುಡ್ ಮ್ಯಾಕ್' ಎಂಬ ಬ್ಯಾಂಡ್‌ನಲ್ಲಿ. ಬ್ಯಾಂಡ್ ಅಂದ್ರೆ ಮದುವೆ ಮೆರವಣಿಗೆಯ ಬ್ಯಾಂಡ್ ಅಲ್ಲ ಮಾರಾಯ್ರೇ. ಇಲ್ಲಿ ಮದುವೆ ಮುರಿಯೋದೇ ಹೆಚ್ಚು!

1976ರಲ್ಲಿ ಈ ಐವರು ಕ್ಯಾಲಿಫೋರ್ನಿಯಾದ ಸಾಸಲಿಟೋ ಊರಿನ ಸ್ಟುಡಿಯೋ ಹೊಕ್ಕರು. ಗಾಯಕಿ ಸ್ಟೀವಿ ನಿಕ್ಸ್, ಗಿಟಾರ್‌ಗಾರ ಲಿಂಡ್ಸೆ ಬಕಿಂಗ್‌ಹ್ಯಾಮ್ ವರ್ಷಗಟ್ಟಲೆ ಪ್ರೇಮಿಗಳಾಗಿದ್ದವರು, ಈಗ ಬೇರೆಯಾಗುತ್ತಿದ್ದಾರೆ. ಜಾನ್ ಮ್ಯಾಕ್‌ವೀ, ಕ್ರಿಸ್ಟೀನ್ ಮ್ಯಾಕ್‌ವೀ ಗಂಡ-ಹೆಂಡತಿ. ಅವರದೂ ಮುಗಿಯಿತು. ಡ್ರಮ್ ಬಾರಿಸುವ ಮಿಕ್ ಫ್ಲೀಟ್‌ವುಡ್ ಮನೆಯಲ್ಲೂ ಬಿರುಕು. ಯಾರೂ ತಂಡ ಬಿಟ್ಟು ಹೋಗಲಿಲ್ಲ! ಒಬ್ಬರ ಮೇಲೊಬ್ಬರು ಹಾಡು ಬರೆದರು. ಬೈದವರೂ ಬೈಸಿಕೊಂಡವರೂ ಒಂದೇ ಕೋಣೆಯಲ್ಲಿ ಕೂತು ಅದನ್ನೇ ನುಡಿಸಿದರು. ಕ್ರಿಸ್ಟೀನ್ ತನ್ನ ಹೊಸ ಗೆಳೆಯನಿಗಾಗಿ ಬರೆದ ಹಾಡಿಗೆ ಬೇಸ್ ಗಿಟಾರ್ ನುಡಿಸಿದವನು ಯಾರು? ಅವಳ ಹಳೇ ಗಂಡ ಜಾನ್! ಹೊಟ್ಟೆಯಲ್ಲಿ ಬೆಂಕಿ, ಬೆರಳಲ್ಲಿ ತಾಳ. ನಮ್ಮ ಕೈಲಿ ಆದೀತೇ?

ಹೀಗೆ ತಯಾರಾದ 'ರೂಮರ್ಸ್' ಎಂಬ ರೆಕಾರ್ಡು 1977ರ ಫೆಬ್ರವರಿಯಲ್ಲಿ ಬಂತು. ಅಮೆರಿಕದ ಪಟ್ಟಿಯಲ್ಲಿ ಒಟ್ಟು 31 ವಾರ ಮೊದಲ ಸ್ಥಾನ. 1978ರಲ್ಲಿ ವರ್ಷದ ಶ್ರೇಷ್ಠ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿ. ಐದು ಜನರ ಸಂಸಾರ ಒಡೆದ ಸದ್ದನ್ನು ಜಗತ್ತು ಕಾಸು ಕೊಟ್ಟು ಕೇಳಿತು.

ಇಪ್ಪತ್ತು ವರ್ಷ ಕಳೆಯಿತು. 1997ರಲ್ಲಿ ಅದೇ ಐವರು ಟೀವಿಗಾಗಿ ಮತ್ತೆ ವೇದಿಕೆ ಹತ್ತಿದರು. ಸ್ಟೀವಿ ತನ್ನ 'ಲ್ಯಾಂಡ್‌ಸ್ಲೈಡ್' ಹಾಡುತ್ತಿದ್ದಾಳೆ, ಪಕ್ಕದಲ್ಲಿ ಲಿಂಡ್ಸೆ ಗಿಟಾರ್ ಹಿಡಿದು ಅವಳನ್ನೇ ನೋಡುತ್ತಿದ್ದಾನೆ. ಟೀವಿ ಮುಂದೆ ಕೂತಿದ್ದ ಹುಡುಗಿಯೊಬ್ಬಳಿಗೆ ಆ ನೋಟ ನಾಟಿಬಿಟ್ಟಿತು. ಇವರಿಬ್ಬರೂ ಇನ್ನೂ ಪ್ರೀತಿಸುತ್ತಿದ್ದಾರೋ, ನಟಿಸುತ್ತಿದ್ದಾರೋ? ಆ ಹುಡುಗಿಯೇ ನಮ್ಮ ಕಾದಂಬರಿಗಾರ್ತಿ. ಆ ಅನುಮಾನವೇ ಮುಂದೆ ಪುಸ್ತಕವಾಯಿತು.

ಕಾದಂಬರಿಯ ನಾಯಕ ಬಿಲ್ಲಿ ಡನ್. ಪಿಟ್ಸ್‌ಬರ್ಗ್‌ನ ಹುಡುಗ, ತಮ್ಮನ ಜೊತೆ ಬ್ಯಾಂಡ್ ಕಟ್ಟಿದವನು. ಕೈಹಿಡಿದ ಹೆಂಡತಿ ಕಮೀಲಾ. ಮೊದಲ ಪ್ರವಾಸದಲ್ಲೇ ಕುಡಿತ, ಮಾದಕದ್ರವ್ಯ, ಪರಸ್ತ್ರೀಯರ ಸಹವಾಸ. ಮಗಳು ಹುಟ್ಟಿದಾಗ ಆಸ್ಪತ್ರೆಯ ಒಳಗೆ ಕಾಲಿಡುವ ಮುಖವಿಲ್ಲದೆ ವ್ಯಸನ ಬಿಡಿಸುವ ಕೇಂದ್ರಕ್ಕೆ ಹೋಗುತ್ತಾನೆ. ಗುಣವಾಗಿ ಬಂದವನ ಎದುರಿಗೆ ಡೈಸಿ ಬಂದು ನಿಲ್ಲುತ್ತಾಳೆ. ಬೆಂಕಿಯಂಥ ಕಂಠ, ಬೆಂಕಿಯಂಥ ಸ್ವಭಾವ, ಮುಷ್ಟಿ ತುಂಬ ಮಾತ್ರೆ. ಬಿಲ್ಲಿ ಬಿಟ್ಟುಬಂದ ನರಕವೇ ಅಪ್ಸರೆಯ ವೇಷ ಹಾಕಿ ಬಂದ ಹಾಗೆ!

ನನಗೆ ಬಹಳ ಹಿಡಿಸಿದ್ದು ಒಂದು ಹಾಡಿನ ಪ್ರಸಂಗ. ಬಿಲ್ಲಿ ಹೆಂಡತಿಗೆ ಮಾತು ಕೊಟ್ಟು ಹಾಡು ಬರೆದಿದ್ದಾನೆ: ಮುಂದೆ ನಮ್ಮ ಬಾಳು ಹೀಗೆ ಸೊಗಸಾಗಿರುತ್ತೆ ಅಂತ. ಡೈಸಿ ಅದನ್ನು ತಿದ್ದಿ, ಆಣೆಯನ್ನು ಪ್ರಶ್ನೆ ಮಾಡಿಬಿಡುತ್ತಾಳೆ: ನಿಜವಾಗಿ ಹಾಗಿರುತ್ತಾ? ಗಂಡ ಹೆಂಡತಿಗೆ ಕೊಟ್ಟ ಮಾತಿನೊಳಗೆ ಮೂರನೆಯವಳು ನುಸುಳಿದಳು. ಹಾಡು ಹಿಟ್! ಆ ಹೆಂಡತಿಯ ಪಾಡು?

ಇಲ್ಲೇ ನಾನು ಬಹಳ ಜನರ ಜೊತೆ ಜಗಳಕ್ಕೆ ನಿಲ್ಲೋದು. ಓದಿದವರೆಲ್ಲ ಡೈಸಿ ಡೈಸಿ ಅಂತ ಕನವರಿಸ್ತಾರೆ. ನನ್ನ ಕಣ್ಣಿಗೆ ಕಥೆಯ ನಿಜವಾದ ಧೀರೆ ಕಮೀಲಾ. ಅವಳು ಕಣ್ಣೀರು ಸುರಿಸುವ 'ಪತಿಯೇ ದೈವ' ಹೆಣ್ಣಲ್ಲ. ಎಲ್ಲಾ ಗೊತ್ತು ಅವಳಿಗೆ. ಗೊತ್ತಿದ್ದೇ ಈ ಮನೆ ಉಳಿಯಬೇಕು ಎಂದು ತೀರ್ಮಾನಿಸಿದವಳು. ಡೈಸಿಯನ್ನೂ ಅವಳು ದ್ವೇಷಿಸುವುದಿಲ್ಲ. ಹಾಡುವವರಿಗೆ ಮೈಕ್ ಇದೆ, ಚಪ್ಪಾಳೆ ಇದೆ. ಸಂಸಾರ ತೂಗಿಸಿದವಳಿಗೆ ಚಪ್ಪಾಳೆ ತಟ್ಟುವವರು ಯಾರು?

ಪುಸ್ತಕದ ತಮಾಷೆ ಇನ್ನೊಂದಿದೆ. ಇಡೀ ಕಥೆ ಸಂದರ್ಶನದ ರೂಪದಲ್ಲಿದೆ. ವರ್ಷಗಳಾದ ಮೇಲೆ ಒಬ್ಬೊಬ್ಬರೂ ನೆನಪಿಸಿಕೊಂಡು ಹೇಳ್ತಾರೆ. ಒಬ್ಬ ಹೌದು ಅಂದ್ರೆ ಇನ್ನೊಬ್ಬ 'ಎಲ್ಲಿ ಸ್ವಾಮೀ, ಹಾಗಾಗಲೇ ಇಲ್ಲ' ಅಂತಾನೆ. 1979ರಲ್ಲಿ ಷಿಕಾಗೋ ಕಾರ್ಯಕ್ರಮದ ರಾತ್ರಿಯೇ ತಂಡ ಏಕೆ ಒಡೆಯಿತು, ಪ್ರಶ್ನೆ ಕೇಳುತ್ತಿರುವವರು ಯಾರು.... ಅದನ್ನು ಹೇಳಿದರೆ ನಿಮ್ಮ ಓದು ಕೆಡುತ್ತೆ. ಬೇಡ ಬಿಡಿ.

2023ರಲ್ಲಿ ಇದು ಅಮೆಜಾನ್ ಪ್ರೈಮ್‌ನಲ್ಲಿ ಹತ್ತು ಕಂತುಗಳಾಗಿ ಬಂತು. ಡೈಸಿಯಾದವಳು ರೈಲಿ ಕೀಯೋ, ಎಲ್ವಿಸ್ ಪ್ರೀಸ್ಲಿಯ ಮೊಮ್ಮಗಳು! ಬಿಲ್ಲಿಯಾಗಿ ಸ್ಯಾಮ್ ಕ್ಲಾಫ್ಲಿನ್. ಕಾದಂಬರಿಯಲ್ಲಿ ಕಾಗದದ ಮೇಲಷ್ಟೇ ಇದ್ದ 'ಅರೋರಾ' ಎಂಬ ಆಲ್ಬಂ ನಿಜವಾಗಿಯೇ ಬಿಡುಗಡೆಯಾಯಿತು. ಹಾಡಿನಿಂದ ಹುಟ್ಟಿದ ಕಥೆ ಮತ್ತೆ ಹಾಡಾಯಿತು ನೋಡಿ.

ಮುಂದಿನ ಸಲ ಯುಗಳಗೀತೆ ಕೇಳುವಾಗ ಹಾಡುವ ಇಬ್ಬರ ಕಣ್ಣನ್ನಷ್ಟೇ ನೋಡಬೇಡಿ. ಆ ಹೊತ್ತಿನಲ್ಲಿ ಮನೆಯಲ್ಲಿ ದೀಪ ಹಚ್ಚಿಟ್ಟು ಕಾಯುತ್ತಿರುವ ಮೂರನೆಯ ಜೋಡಿ ಕಣ್ಣನ್ನೂ ನೆನೆಯಿರಿ. ಡೈಸಿಯೋ, ಕಮೀಲಾನೋ? ನಿಮ್ಮ ಮತ ಯಾರಿಗೆ? ಒಂದು ಕಾರ್ಡು ಗೀಚಿ ಹಾಕಿ. ಬರಲೇ?